ಒಳಗೆ ಕಾಲಿಡದ ಮಾಲಕರ ಬಾರು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಎಳ್ಳ ಅಮಾವಾಸ್ಯೆಯ ದಿನ. ಸಾರವಾಡದ ನಮ್ಮ ಮಂದಿಯೆಲ್ಲ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆ ಉಂಡು ಬನ್ನಿಗಿಡದ ನೆರಳಿಗೆ ಅಡ್ಡಾಗಿದ್ದರು. ನಾನು ಉಂಡದ್ದು ಕರಗಲಿ ಅಂತ ಬದುವಿನ ಮೇಲೆ ನಡೆಯುತ್ತ ರಸ್ತೆ ತನಕ ಹೋದೆ. ಅಲ್ಲಿ ಒಂದು ಟ್ರ್ಯಾಕ್ಟರು ಬಂತು, ಹತ್ತಿದೆ. ಹತ್ತಿದ ಮೇಲೆ ಇಳಿಯುವ ಮನಸ್ಸಾಗಲಿಲ್ಲ. ಸಾಲಿ ಕಲಿಯುವುದು ಅಲ್ಲಿಗೇ ಮುಗಿಯಿತು. ಸಾಲಿಗೂ ನನ್ನ ಮೇಲೆ ಅಂಥಾ ಪ್ರೀತಿ ಇರಲಿಲ್ಲ ಬಿಡಿ, ಯಾರೂ ಹುಡುಕಿಕೊಂಡು ಬರಲಿಲ್ಲ.

ಆಮೇಲೆ ಲಾರಿ ಕ್ಲೀನರ್ ಆದೆ, ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡಿದೆ, ಮದುವೆ ಬ್ಯಾಂಡಿನ ಮುಂದೆ ತಲೆಯ ಮೇಲೆ ಲೈಟು ಹೊತ್ತೆ, ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಸಿದೆ. ಎಲ್ಲಿ ಹೋದರೂ ಒಂದಿಲ್ಲೊಂದು ನಗೆಪಾಟಲು ನನ್ನ ಕಣ್ಣಮುಂದೆಯೇ ಆಗುತ್ತದೆ. ನಾನು ಏನೂ ಮಾಡಿರುವುದಿಲ್ಲ, ಕೈಯಲ್ಲಿ ಒಂದು ಟ್ರೇ ಹಿಡಿದು ನಿಂತಿರುತ್ತೇನೆ, ಅಷ್ಟೇ. ಆದರೆ ಟಿಕೋಟಾ ರಸ್ತೆಯ ಆ ಬಾರಿನಲ್ಲಿ, ಅದರ ಲೈಸನ್ಸು ಇರುತ್ತದೋ ಹೋಗುತ್ತದೋ ಅಂತ ತೂಗಾಡುತ್ತಿದ್ದ ದಿನಗಳಲ್ಲಿ ಆದಷ್ಟು ಮತ್ತೆಲ್ಲೂ ಆಗಿಲ್ಲ.

ಬೇವಿನ ಗಿಡದ ಆಫೀಸು

ಕೆಲಸ ಕೇಳಿಕೊಂಡು ಬಾರಿನ ಬಾಗಿಲಿಗೆ ಹೋದರೆ ಅಡುಗೆಯವ ಕೈ ಮಾಡಿ ರಸ್ತೆಯ ಆಚೆ ತೋರಿಸಿದ. "ಮಾಲಕ್ರು ಅಲ್ಲಿ ಕುಂಡರ್ತಾರ."

ಆಚೆ ಬೇವಿನ ಗಿಡದ ಕೆಳಗೆ ಹಗ್ಗ ಹೆಣೆದ ಮಂಚ, ಒಂದು ಹೊರಸು. ಅದರ ಮೇಲೆ ಬಿಳಿ ಧೋತರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಮಠದ ಅಯ್ಯನವರು ಬಸ್ಸಿಗೆ ಕಾಯುತ್ತಿರಬೇಕು ಅಂದುಕೊಂಡೆ.

"ಕುಡೀತಿ ಏನು?" ಅಂದರು.

"ಇಲ್ರಿ."

"ಛಲೋ ಆತು. ಮತ್ತ, ಮಂದಿಗೂ ಕುಡೀರಿ ಅಂತ ಒತ್ತಾಯ ಮಾಡಬ್ಯಾಡ."

ಬಾರಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವಾಗ ಯಾರೂ ಹೀಗೆ ಹೇಳಿದ್ದು ನಾನು ಕೇಳಿರಲಿಲ್ಲ. ಆಮೇಲೆ ಅಡುಗೆಯವ ಎಲ್ಲ ಬಿಡಿಸಿ ಹೇಳಿದ. ಬಾರು ತೆರೆದದ್ದು ಇವರ ಅಣ್ಣ. ಅಣ್ಣನ ಹೆಸರಿನಲ್ಲಿ ಧಂದೆ ಕೂಡುವುದಿಲ್ಲ ಅಂತ ಯಾರೋ ಜೋಯಿಸ ಹೇಳಿದ್ದಕ್ಕೆ ಲೈಸನ್ಸನ್ನು ತಮ್ಮನ ಹೆಸರಿಗೆ ಮಾಡಿಸಿದ್ದ. ತಮ್ಮನೋ, ಹೋಟೆಲಿನ ಕಾಗದ ಅಂತ ತಿಳಿದು ಸೈ ಹಾಕಿದ್ದರು. ಅಣ್ಣ ಜಡ್ಡಿನಿಂದ ತೀರಿಕೊಂಡ. ಅವನ ಹೆಂಡತಿ, ಇವರ ವೈನಿ, ಎರಡು ಹೆಣ್ಣುಮಕ್ಕಳ ಜೊತೆ ವಿಜಯಪುರದ ಜಲನಗರದಲ್ಲಿ ಇದ್ದರು. ಆ ಮನೆಯ ಒಲೆ ಉರಿಯುವುದೂ, ಹುಡುಗಿಯರ ಓದು ನಡೆಯುವುದೂ ಇದೇ ಬಾರಿನ ಮೇಲೆ. ಹಾಗಾಗಿ ಬಂದ್ ಮಾಡುವ ಹಾಗಿಲ್ಲ. ನಡೆಸಬೇಕೆಂದರೆ ಮಾಲಕರು ದೀಕ್ಷೆ ತಗೊಳ್ಳುವಾಗ ಗುರುಗಳ ಮುಂದೆ ಆಣೆ ಮಾಡಿದ್ದಾರೆ: ಶೆರೆ ಇರುವ ಜಾಗದಲ್ಲಿ ಕಾಲಿಡುವುದಿಲ್ಲ ಅಂತ.

"ಹಂಗಾರ ಬಾರ್ ನಡಸಾವ್ರು ಯಾರೋ?" ಅಂದೆ.

ಅಡುಗೆಯವ ಸೌಟು ಎತ್ತಿ ಬೇವಿನ ಗಿಡ ತೋರಿಸಿದ. "ಅವರು."

"ಒಳಗ?"

ಸೌಟು ಇಳಿಸಿ ಸಾರು ತಿರುವಿದ. "ಒಳಗ ಅದರ ಪಾಡಿಗೆ ಅದು ನಡೀತೈತಪಾ."

ಜೋಳದೊಳಗಿನ ಹಾದಿ

ಮಾಲಕರು ಸುಮ್ಮನೆ ಗಿಡದ ಕೆಳಗೆ ಕೂತಿದ್ದರೆ ಯಾವ ತಕರಾರೂ ಬರುತ್ತಿರಲಿಲ್ಲ. ಅವರಿಗೆ ಸುಮ್ಮನೆ ಕೂಡಲು ಬರುತ್ತಿರಲಿಲ್ಲ. ಬಾರಿಗೆ ಹೋಗುವ ಮಂದಿ ಅವರ ಕಣ್ಣ ಮುಂದೆಯೇ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದವನನ್ನು ಕರೆಯದೆ ಅವರು ಬಿಡುತ್ತಿರಲಿಲ್ಲ.

"ಏ ತಮ್ಮಾ, ಬಾ ಇಲ್ಲೆ. ನಿನ್ನೆ ಬಂದಿದ್ದೆಲ್ಲ? ಮತ್ತ ಇವತ್ತು ಯಾಕ?"

"ಸುಮ್ನ ರಿ, ಯಪ್ಪಾ. ಮೈ ಭಾಳ ನೋಯಾಕತ್ತೈತಿ."

"ಮೈ ನೋಯಾಕತ್ರ ಬಿಸಿನೀರ ಹಾಕ್ಕೊ. ಮನಿಗೆ ಹೋಗು."

ಗಿರಾಕಿ ಮುಖ ಸಣ್ಣ ಮಾಡಿ ಗಾಡಿ ತಿರುಗಿಸುತ್ತಿದ್ದ. ಒಮ್ಮೆ ಒಬ್ಬ ಇವರಿಗೆ ಕಾಣಬಾರದೆಂದು ತಲೆ ಮೇಲೆ ಟವೆಲ್ ಹೊದ್ದು ಬಂದ. "ಏ, ಟವೆಲ್ ಹೊದ್ರ ನಿಮ್ಮಪ್ಪನ ನಡಿಗಿ ಹೋಗ್ತೈತೇನೋ?" ಅಂತ ಮಾಲಕರು ಕೂಗಿದರು. ಟವೆಲ್ ಅಲ್ಲಿಂದಲೇ ಓಡಿತು.

ಹಿಂಗಾಗಿ ಕುಡಿಯುವ ಮಂದಿ ಬೇರೆ ದಾರಿ ಹಿಡಿದರು. ಬಾರಿನ ಹಿಂದೆ ಒಬ್ಬ ರೈತನ ಬಿಳಿಜೋಳದ ಹೊಲ. ಜೋಳ ಆಳೆತ್ತರ ಬೆಳೆದಿತ್ತು. ಹೊಲದ ಆಚೆ ಬದಿ ಗಾಡಿ ಬಿಟ್ಟು, ಜೋಳದೊಳಗೆ ಬಗ್ಗಿ ನಡೆದು, ಹಿಂದಿನ ಬಾಗಿಲಿನಿಂದ ಒಳಗೆ ಬರತೊಡಗಿದರು. ತೆನೆಗಳು ಅಲ್ಲಾಡಿದರೆ ನಾನು ಗ್ಲಾಸು ತೊಳೆದು ಸಾಲಾಗಿ ಇಡುತ್ತಿದ್ದೆ. ಮುಂದೆ ರಸ್ತೆಯಲ್ಲಿ ಒಂದೂ ಗಾಡಿ ಇಲ್ಲ, ಒಳಗೆ ಕುರ್ಚಿ ಸಾಲದು. ಮಾಲಕರು ನನ್ನನ್ನು ಕರೆದು ಸಂತೋಷದಿಂದ ಹೇಳಿದರು:

"ನೋಡಿದ್ಯಾ? ಹೇಳೂ ಹಂಗ ಹೇಳಿದ್ರ ಮಂದಿ ಸುಧಾರಸ್ತಾರ."

ಆ ವಾರವೇ ಅಬಕಾರಿ ಕಚೇರಿಗೆ ತಕರಾರು ಹೋಯಿತು. ಒಂದು, ಹಿಂದಿನ ಹೊಲದ ರೈತನದು: ಬಾರಿನ ಆಡಳಿತ ಸರಿಯಿಲ್ಲ, ಗಿರಾಕಿಗಳು ನನ್ನ ಜೋಳ ತುಳಿದು ಹಾದಿ ಮಾಡಿದ್ದಾರೆ. ಇನ್ನೊಂದು, ಒಬ್ಬ ಗಿರಾಕಿಯದೇ: ಬಾರಿನ ಮಾಲಕರು ಬಾರಿಗೆ ಹೋಗಗೊಡುವುದಿಲ್ಲ.

ಎರಡನೆಯದನ್ನು ಓದಿದ ಇನ್ಸ್‌ಪೆಕ್ಟರ್ ಸಾಹೇಬರು ಅದನ್ನು ತಮ್ಮ ಗುಮಾಸ್ತನ ಕೈಲಿ ಮತ್ತೊಮ್ಮೆ ಜೋರಾಗಿ ಓದಿಸಿದರಂತೆ. ಕುಡಿದು ಬರೆದಿದ್ದಾನೇನೋ ಅಂತ ಸಂಶಯ. ಗುಮಾಸ್ತ ಹೇಳಿದನಂತೆ, "ಇಲ್ರಿ ಸಾಹೇಬ್ರ, ಕುಡ್ಯಾಕ ಸಿಗಲಾರದಕ್ಕ ಬರದಾನ."

ರಸ್ತೆ ದಾಟದ ತಪಾಸಣೆ

ನೋಟಿಸು ಬಂತು. ಲೈಸನ್ಸು ಯಾಕೆ ರದ್ದು ಮಾಡಬಾರದು ಅಂತ ಕಾರಣ ಹೇಳಬೇಕು, ಅದಕ್ಕೂ ಮೊದಲು ಜಾಗದ ತಪಾಸಣೆ. ಜಲನಗರದಿಂದ ವೈನಿ ಫೋನ್ ಮಾಡಿ ಅತ್ತರು. ಆ ದಿನ ಮಾಲಕರು ಊಟ ಮಾಡಲಿಲ್ಲ. "ಲೈಸನ್ಸ್ ಹೋದ್ರ ನಾ ಯಾವ ಮುಖಾ ಇಟ್ಕೊಂಡು ಅಣ್ಣನ ಮನಿಗೆ ಹೋಗ್ಲಿ?" ಅಂತ ಹೊರಸಿನ ಹಗ್ಗ ಬಿಗಿ ಮಾಡುತ್ತಾ ಕೂತರು. ಅದು ಬಿಗಿಯೇ ಇತ್ತು.

ಸಾಹೇಬರು ಜೀಪಿನಿಂದ ಇಳಿದು ಬಾರಿನ ಬಾಗಿಲಲ್ಲಿ ನಿಂತರು. ಒಳ್ಳೆಯ ಮನುಷ್ಯ, ಆದರೆ ನೇಮದ ಮನುಷ್ಯ.

"ಲೈಸನ್ಸ್‌ದಾರರನ್ನು ಕರೀರಿ."

"ಅವರು ಬರಂಗಿಲ್ರಿ. ಆಣಿ ಐತ್ರಿ. ನೀವಽ ಗಿಡದ ಕಡೆ ಬರ್ರಲ್ಲ" ಅಂದೆ.

"ತಪಾಸಣೆ ಬಾರಿಂದೋ, ಗಿಡದ್ದೋ? ನಾ ಇಲ್ಲೇ ನಿಂದ್ರಬೇಕು. ಉತ್ತರ ಲೈಸನ್ಸ್‌ದಾರರ ಬಾಯಿಂದಲೇ ಬರಬೇಕು."

ಹೀಗಾಗಿ ತಪಾಸಣೆ ಹೇಗೆ ನಡೆಯಿತೆಂದರೆ, ಸಾಹೇಬರು ಈ ಕಡೆಯಿಂದ ಕೂಗುತ್ತಿದ್ದರು: "ಒಳಗ ಟೇಬಲ್ ಎಷ್ಟು ಅದಾವು?" ಮಾಲಕರಿಗೆ ಹೇಗೆ ಗೊತ್ತಿರಬೇಕು? ಅವರು ಆ ಕಡೆಯಿಂದ ನನಗೆ ಕೂಗುತ್ತಿದ್ದರು: "ಎಷ್ಟು ಅದಾವಪಾ?" ನಾನು ಸಾಹೇಬರ ಮಗ್ಗುಲಿಗೇ ನಿಂತು ಆ ಕಡೆಗೆ ಕೂಗಿ ಹೇಳುತ್ತಿದ್ದೆ. ಅದನ್ನು ಮಾಲಕರು ತಿರುಗಿ ಸಾಹೇಬರಿಗೆ ಕೂಗಬೇಕು. ಆಮೇಲೆ ಸಾಹೇಬರು ಬರೆದುಕೊಳ್ಳಬೇಕು. ನಡುವೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾದು ಹೋದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯಬೇಕು.

ಅಷ್ಟರಲ್ಲಿ ಟಿಕೋಟಾ ಬಸ್ಸು ಬಂತು. ರಸ್ತೆಯ ಎರಡೂ ಕಡೆ ಮಂದಿ ಕೈ ಮಾಡುತ್ತಿರುವುದು ನೋಡಿ ಡ್ರೈವರ್ ನಡುವೆಯೇ ನಿಲ್ಲಿಸಿದ. ಸಾಹೇಬರಿಗೆ ಈಗ ಮಾಲಕರು ಕಾಣುತ್ತಿಲ್ಲ, ಮಾಲಕರಿಗೆ ಸಾಹೇಬರು ಕಾಣುತ್ತಿಲ್ಲ. ಬಸ್ಸಿನ ಮೇಲಿಂದ ಹೋಗಲಿ ಅಂತ ಸಾಹೇಬರು ಇನ್ನೂ ಜೋರಾಗಿ ಕೂಗಿದರು:

"ಈಗ ಒಳಗ ಯಾರ್ಯಾರು ಅದಾರ?"

ನಾನೂ ಹೊಟ್ಟೆಯೊಳಗಿನ ದನಿ ತೆಗೆದು ಕೂಗಿದೆ: "ದ್ರಾಕ್ಷಿ ಶೆಡ್ಡಿನ ಮೇಸ್ತ್ರಿ ಅದಾನ್ರಿ! ಬಬಲೇಶ್ವರದ ಟೇಲರ್ ಅದಾನ್ರಿ!"

ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕಿ ತಲೆ ಹೊರಗೆ ಹಾಕಿದಳು. "ಯಾವ ಟೇಲರೋ? ಕೆಂಪು ಗಾಡಿಯಾಂವ?"

"ಹೌದ್ರಿ ಅಮ್ಮಾ."

"ಅಯ್ಯ ಇವನ ಹೆಣಾ ಎತ್ತಲಿ! ನನ್ನ ಅಳಿಯಾ! ಗುಂಡಿ ತರಾಕ ವಿಜಯಪುರಕ್ಕ ಹೋಗೀನಂತ ಹೇಳ್ಯಾನ!"

ಮುದುಕಿ ಇಳಿಯತೊಡಗಿದಳು. ಕಂಡಕ್ಟರ್, "ಅಮ್ಮಾ, ನಿನ್ನ ಟಿಕೆಟ್ ಟಿಕೋಟಾ ತನಕ ಐತಿ" ಅಂದ.

"ಇರ್ಲಿ ಬಿಡೋ, ಉಳಿದದ್ದು ಅಳಿಯಾ ಹೊತ್ತುಕೊಂಡು ಹೋಗ್ತಾನ."

ಒಳಗೆ ಒಂದು ಕುರ್ಚಿ ಬಿದ್ದ ಸಪ್ಪಳ, ಹಿಂದೆ ಜೋಳದ ತೆನೆ ಅಲ್ಲಾಡಿದ ಸಪ್ಪಳ. ಮುದುಕಿ ಒಳಗೆ ಹೋಗಿ, ಹೊರಗೆ ಬಂದು, ಸಾಹೇಬರ ಎದುರು ಕೈ ಮುಗಿದು ನಿಂತಳು:

"ಸಾಹೇಬ್ರ, ನಿಮಗ ಪುಣ್ಯಾ ಬರಲಿ. ದಿನಾ ಬಂದು ಹಿಂಗ ಒದರಿ ಹೋಗ್ರಿ."

ಬೋರ್ಡು

ಬಾರಿನ ಮುಂದೆ ನಿಯಮದ ಬೋರ್ಡೇ ಇಲ್ಲ ಅಂತ ಸಾಹೇಬರು ಬರೆದುಕೊಂಡು ಹೋದರು. ವಿಚಾರಣೆಯ ಮೊದಲು ಬೋರ್ಡು ಹಚ್ಚಿಬಿಡೋಣ ಅಂತ ಮಾಲಕರು ಗುಡಿ ಓಣಿಯ ಒಬ್ಬ ಪೇಂಟರನ್ನು ಕರೆಸಿದರು. ಏನು ಬರೆಯಬೇಕು ಅಂತ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನನಗೆ ಬರುವುದಿಲ್ಲ.

ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: "ಒಳಗೆ ಹೋಗುವ ಮೊದಲು ಒಂದು ಕ್ಷಣ ನಿಂತು ಹೆಂಡತಿ ಮಕ್ಕಳನ್ನು ನೆನೆಯಿರಿ."

ಪೇಂಟರ್ ಬ್ರಷ್ ಒರೆಸುತ್ತ, "ಯಜಮಾನ್ರ, ಇಂಥಾ ಬೋರ್ಡ್ ನಾ ದವಾಖಾನಿಗೂ ಬರದಿಲ್ರಿ" ಅಂದ.

ಮೊದಲೇ ಲೈಸನ್ಸು ತೂಗಾಡುತ್ತಿದೆ, ಇದನ್ನು ನೋಡಿದ ಮಂದಿ ಇನ್ನೇನು ತಕರಾರು ಬರೆಯುತ್ತಾರೋ! ಮರುದಿನ ಒಬ್ಬ ಗಿರಾಕಿ ಬಂದು ಬೋರ್ಡಿನ ಮುಂದೆ ನಿಂತ. ಓದಿದ. ಕಣ್ಣು ಮುಚ್ಚಿದ. ತುಟಿ ಅಲ್ಲಾಡಿಸಿದ. ಇವನು ವಾಪಸ್ ಹೋದ ಅಂತಲೇ ಅಂದುಕೊಂಡೆ. ಅವನು ಮೊಬೈಲ್ ತೆಗೆದು ಬೋರ್ಡಿನ ಜೊತೆ ತನ್ನ ಮುಖವೂ ಬರುವ ಹಾಗೆ ಫೋಟೋ ಹೊಡೆದುಕೊಂಡು ಹೆಂಡತಿಗೆ ಕಳಿಸಿದ. ಕೆಳಗೆ ಬಾಯಿಂದ ಹೇಳಿ ಕಳಿಸಿದ ಮಾತು ನನಗೂ ಕೇಳಿತು:

"ನೋಡು, ಎಲ್ಲಿ ಹೋದ್ರೂ ನಿನ್ನಽ ನೆನಸ್ತೀನಿ. ಸುಮ್ನ ಸಂಶಯ ಪಡ್ತಿ."

ದೊಡ್ಡ ಮೇಡಮ್ಮರ ಮುಂದೆ

ವಿಚಾರಣೆ ವಿಜಯಪುರದಲ್ಲಿ. ಮಾಲಕರು, ವೈನಿ, ತಕರಾರು ಕೊಟ್ಟ ಹಿಂದಿನ ಹೊಲದ ರೈತ, ಇನ್ಸ್‌ಪೆಕ್ಟರ್ ಸಾಹೇಬರು, ನಾನು. ಎದುರಿಗೆ ಅಬಕಾರಿ ಇಲಾಖೆಯ ದೊಡ್ಡ ಮೇಡಮ್ಮರು. ವೈನಿ ಸೆರಗು ಹೊದ್ದು ಒಂದು ಮೂಲೆಯಲ್ಲಿ ಕೂತಿದ್ದರು. ಅವರ ಕೈಬೆರಳು ಒಂದನ್ನೊಂದು ಹಿಡಿದುಕೊಂಡಿದ್ದವು. ಆ ಮೂಲೆ ನೋಡಲಾರದೆ ನಾನು ಫ್ಯಾನ್ ನೋಡುತ್ತ ನಿಂತೆ.

ಮೇಡಮ್ಮರು ಕೇಳಿದರು, "ನಿಮ್ಮ ಬಾರಿನೊಳಗ ಯಾವಾಗಾದರೂ ಹೋಗಿದ್ದೀರಾ?"

ಮಾಲಕರು ಎದೆ ಮೇಲೆ ಕೈ ಇಟ್ಟರು. "ಇಲ್ರಿ ತಾಯಿ. ದೇವರಾಣಿ. ಒಂದ ಸಲಾನೂ ಹೋಗಿಲ್ಲ."

ಚಾರಿತ್ರ್ಯದ ಸರ್ಟಿಫಿಕೇಟ್ ಕೊಟ್ಟ ಹಾಗೆ ಹೇಳಿ ನಮ್ಮೆಲ್ಲರ ಕಡೆ ಹೆಮ್ಮೆಯಿಂದ ನೋಡಿದರು. ಇನ್ಸ್‌ಪೆಕ್ಟರ್ ಸಾಹೇಬರು ಹಣೆ ಹಿಡಿದುಕೊಂಡರು.

"ಯಜಮಾನ್ರೇ, ನಿಮ್ಮ ಮೇಲಿನ ತಕರಾರೇ ಅದು" ಅಂದರು ಮೇಡಮ್ಮರು.

ಆಮೇಲೆ ರೈತನ ಕಡೆ ತಿರುಗಿದರು. "ನಿಮ್ಮ ಬೆಳಿ ತುಳದಾರ, ಹೌದಲ್ಲ? ಈ ಬಾರ್ ಬಂದ್ ಮಾಡಿಸಿದ್ರ ನಿಮಗ ಸಮಾಧಾನ ಆಗ್ತೈತಿ?"

ರೈತನ ಮುಖ ಬಿಳಿಚಿಕೊಂಡಿತು. "ಬಂದ್? ಬಂದ್ ಯಾಕ್ರಿ? ನಾ ಬಂದ್ ಮಾಡ್ರಿ ಅಂತ ಎಲ್ಲಿ ಬರದೀನ್ರಿ? ಬಂದ್ ಆದ್ರ ನಾ ಸಂಜಿ ಮುಂದ ಎಲ್ಲಿ ಹೋಗ್ಲಿ?"

"ನೀವೂ ಅಲ್ಲಿಗೇ ಹೋಗ್ತೀರೇನು?"

"ಮತ್ತ? ಮನಿ ಹಿಂದಽ ಐತೆಲ್ರಿ."

"ಯಾವ ದಾರಿಲೆ ಹೋಗ್ತೀರಿ?"

ರೈತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಆ ಹಾದಿ ಮೊದಲ ಮಾಡಿದಾಂವ ನಾನಽ ರಿ. ನನ್ನೊಬ್ಬನ ಸಲುವಾಗಿ ಮಾಡಿದ್ದೆ. ಎಲ್ಲಾರೂ ಬರಾಕತ್ರು. ಅದಽ ನನ್ನ ತಕರಾರು."

ಮೇಡಮ್ಮರು ಪೆನ್ನು ಕೆಳಗೆ ಇಟ್ಟು ಕಿಟಕಿಯ ಕಡೆ ಮುಖ ಮಾಡಿದರು. ಅವರ ಹೆಗಲು ಅಲ್ಲಾಡುತ್ತಿದ್ದವು. ತಿರುಗಿದಾಗ ಮುಖ ಗಟ್ಟಿಯಾಗಿತ್ತು.

"ನಗೂ ಮಾತಲ್ಲ ಇದು. ಮಾಲಕ ಹೊರಗ, ಬಾರ್ ಒಳಗ. ಹಿಂಗಾದ್ರ ನಾ ಲೈಸನ್ಸ್ ಮುಂದುವರಿಸಾಕ ಬರೂದಿಲ್ಲ. ಒಳಗ ಕೂತು ನಡಸಾವ್ರು ನಿಮ್ಮ ಮನ್ಯಾಗ ಯಾರರೆ ಅದಾರೇನು?"

ಮೂಲೆಯಿಂದ ವೈನಿ ಎದ್ದರು.

"ನಾ ಕುಂಡರ್ತೀನ್ರಿ. ನನ್ನ ಹೆಸರಿಗೆ ಮಾಡಿ ಕೊಡ್ರಿ."

ಮಾಲಕರು ಗಾಬರಿಯಾದರು. "ವೈನಿ! ನೀವು? ಅಲ್ಲಿ?"

"ಯಾಕ ಮೈದುನಾರ? ನಿಮ್ಮಣ್ಣ ಊಟಕ್ಕ ಬರಲಾರದಾಗ ದಿನಾ ಹೋಗಿ ಕರಕೊಂಡು ಬರ್ತಿದ್ದಾಕಿ ಯಾರು? ಅಲ್ಲಿ ಯಾವ ಕುರ್ಚಿ ಕಾಲು ಮುರದೈತಿ ಅನ್ನೂದೂ ನನಗ ಗೊತ್ತು. ನೀವು ಗಿಡದ ಕೆಳಗ ಕುಂತು ನಮ್ಮನ್ನ ಸಾಕಿದ್ರಿ. ಸಾಕಿನ್ನ, ಹಾದಿ ಮ್ಯಾಲೆ ಕುಂತದ್ದು."

ಮಾಲಕರು ಹೆಗಲ ಮೇಲಿನ ಉಪರಣೆಯಿಂದ ಕಣ್ಣು ಒರೆಸಿಕೊಂಡು, ಫ್ಯಾನಿನ ಗಾಳಿಗೆ ಧೂಳು ಬಿತ್ತು ಅಂದರು.

ಮೇಡಮ್ಮರು ಒಪ್ಪಿದರು. ಲೈಸನ್ಸು ರದ್ದಿಲ್ಲ, ಎಚ್ಚರಿಕೆ ಕೊಟ್ಟು ವೈನಿಯ ಹೆಸರಿಗೆ ವರ್ಗ. ಹಿಂದಿನ ಬಾಗಿಲಿಗೆ ಮೊಳೆ ಹೊಡೆಯಬೇಕು. ಆದೇಶ ಕೈಗೆ ಬರುವ ತನಕ ಒಳಗೆ ಒಬ್ಬ ಜವಾಬ್ದಾರ ಮ್ಯಾನೇಜರ್ ಇರಬೇಕು, ಅವನು ಜಾಗ ಬಿಟ್ಟು ಅಲ್ಲಾಡಬಾರದು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನನ್ನ ಹಿಂದೆ ಯಾರಿದ್ದಾರೆ ಅಂತ ನೋಡಿದೆ. ಗೋಡೆ ಇತ್ತು.

"ನಿಮ್ಮ ಕಾಯಂ ವಿಳಾಸ ಹೇಳ್ರಿ" ಅಂದರು ಮೇಡಮ್ಮರು.

"ಈಗಿಂದ ಹೇಳಲ್ರ್ಯಾ, ಮುಂದಿಂದ ಹೇಳಲ್ರ್ಯಾ?"

ಮ್ಯಾನೇಜರ್ ಆದ ಪಾಡು

ಒಂದೂರಿನಲ್ಲಿ ಒಂದು ಹಂಗಾಮು ನಿಂತವನಲ್ಲ ನಾನು. ಈಗ ಬಾರಿನ ಹೊಸಿಲು ದಾಟಬಾರದು. ಎದುರಿನ ಡಬ್ಬಿ ಅಂಗಡಿಗೆ ಚಹಾಕ್ಕೆ ಹೋದರೂ ಅಡುಗೆಯವ ಒಳಗಿನಿಂದ ಬೊಬ್ಬೆ ಹಾಕುತ್ತಿದ್ದ:

"ಏ ಹಿಡೀರೋ, ಹಿಡೀರೋ! ಲೈಸನ್ಸ್ ಚಹಾ ಕುಡ್ಯಾಕ ಹೊಂಟೈತಿ!"

ದಾರಿಯಲ್ಲಿ ಹೋಗುವವರೂ ಕಲಿತರು. ನಾನು ಕೈ ತೊಳೆಯಲು ಹೊರಗೆ ಬಂದರೂ ಟ್ರ್ಯಾಕ್ಟರ್ ಡ್ರೈವರುಗಳು, "ಲೈಸನ್ಸ್, ಒಳಗ ನಡಿ" ಅನ್ನುತ್ತಿದ್ದರು. ನನ್ನ ಅವ್ವನಿಂದಲೂ ಆಗದ ಕೆಲಸವನ್ನು ಸರಕಾರ ಮಾಡಿಬಿಟ್ಟಿತು.

ಪೂಜೆಯ ದಿನ

ಆದೇಶ ತಯಾರಾಗಿದೆ, ಇನ್ಸ್‌ಪೆಕ್ಟರ್ ಸಾಹೇಬರೇ ತಂದು ಕೊಡುತ್ತಾರೆ ಅಂತ ಫೋನ್ ಬಂತು. ವೈನಿ ಆ ದಿನವೇ ಪೂಜೆ ಇಟ್ಟುಕೊಂಡರು. ಪೂಜೆ ಆದ ಮೇಲೇ ರೊಕ್ಕದ ಗಲ್ಲೆಯ ಮೇಲೆ ಕೂಡುವುದು. ಆದರೆ ಅವರದೊಂದು ಹಟ: ಮೈದುನ ಒಳಗೆ ಬಂದು ಪೂಜೆಗೆ ಕೂಡಬೇಕು.

"ನನ್ನ ಆಣಿ ಗೊತ್ತಿಲ್ಲೇನು, ವೈನಿ?"

"ಆಣಿ ಶೆರೆ ಇರೂ ಜಾಗಾದ್ದು ಹೌದಲ್ಲ? ಶೆರೆ ಹೊರಗ ಇಡೂಣು. ಆಮ್ಯಾಲೆ ಅದು ಬರೇ ನಿಮ್ಮಣ್ಣ ಕಟ್ಟಿಸಿದ ಮನಿ."

ಮಾಲಕರು ಪೂಜೆಗೆ ಬರುವ ಮಠದ ಅಯ್ಯನವರನ್ನು ಕೇಳಿದರು. ಅಯ್ಯನವರು, ಹೊರಗಿಟ್ಟರೆ ಅಡ್ಡಿ ಇಲ್ಲ ಅಂದರು.

ಬೆಳಿಗ್ಗೆ ನಾನು, ಅಡುಗೆಯವ, ಹಿಂದಿನ ಹೊಲದ ರೈತ ಸೇರಿ ಶೆರೆ ಬಾಟ್ಲಿಯ ಡಬ್ಬಿಗಳನ್ನೆಲ್ಲ ಹೊರಗೆ ಹೊತ್ತೆವು. ರೈತ ಒಂದೊಂದು ಡಬ್ಬಿಯನ್ನೂ ಹಸುಗೂಸನ್ನು ಎತ್ತಿದ ಹಾಗೆ ಎತ್ತುತ್ತಿದ್ದ. ಎಲ್ಲಿ ಇಡುವುದು? ಬಿಸಿಲಿಗೆ ಇಡುವ ಹಾಗಿಲ್ಲ. ನೆರಳಿದ್ದದ್ದು ಒಂದೇ ಕಡೆ. ಬೇವಿನ ಗಿಡದ ಕೆಳಗೆ, ಹೊರಸಿನ ಸುತ್ತ, ಹೊರಸಿನ ಮೇಲೆ, ಹೊರಸಿನ ಕೆಳಗೆ ಇಟ್ಟೆವು.

ಬಾರನ್ನು ಸೆಗಣಿ ನೀರು ಹೊಡೆದು ತೊಳೆದೆವು. ಮಾಲಕರು ಬಲಗಾಲು ಮುಂದಿಟ್ಟು ಒಳಗೆ ಬಂದರು. ಬಂದವರು ಸುತ್ತಲೂ ನೋಡಿ, "ನಮ್ಮಣ್ಣ ಇಷ್ಟು ಚಂದ ಕಟ್ಟಿಸ್ಯಾನೇನು?" ಅಂತ ಅಂದಾಗ ವೈನಿ ಮುಖ ಆಚೆ ತಿರುಗಿಸಿದರು. ಟಿಕೋಟಾದಿಂದ ಹತ್ತಾರು ಹೆಣ್ಣುಮಕ್ಕಳು ಪೂಜೆಗೆ ಬಂದಿದ್ದರು. ಅವರಿಗೂ ಗಂಡಂದಿರು ದಿನಾ ಹೋಗುವ ಜಾಗ ಒಮ್ಮೆ ನೋಡಬೇಕಾಗಿತ್ತು. "ಇಷ್ಟಽ ಏನಬೇ? ನಾ ಇನ್ನೂ ಏನೋ ಇರಬೇಕು ಅಂದ್ಕೊಂಡಿದ್ದೆ" ಅಂತ ಒಬ್ಬಾಕೆ ಅಂದಳು.

ಮಂಗಳಾರತಿ ಹೊತ್ತಿಗೆ ಜೀಪು ಬಂತು.

ನಾನು ಹೊರಗೆ ಓಡಿದೆ. ಸಾಹೇಬರು ಜೀಪಿನಿಂದ ಇಳಿದು ಬೇವಿನ ಗಿಡದ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಆದೇಶದ ಲಕೋಟೆ. ಇನ್ನೊಂದು ಕೈ ಸೊಂಟದ ಮೇಲೆ. ಎದುರಿಗೆ, ಕುಡಿತ ಬಿಡಿಸುವ ಮನುಷ್ಯನ ಹೊರಸಿನ ಮೇಲೆ, ಬಾರಿನ ಪೂರ್ತಿ ಮಾಲು.

"ಏನಿದು?"

"ಪೂಜಾ ನಡದೈತ್ರಿ, ಅದಕ್ಕ…"

"ಲೈಸನ್ಸ್ ಇರೂದು ಆ ಗೋಡಿ ಒಳಗಿನ ಮಾಲಿಗೆ. ಇದು ರಸ್ತಾದ ಮ್ಯಾಲಿನ ಮಾಲು. ಇದಕ್ಕ ಏನಂತಾರ ಗೊತ್ತೈತೇನು ನಿನಗ?" ಲಕೋಟೆ ತಿರುಗಿ ಅವರ ಜೇಬಿನ ಕಡೆ ಹೋಗುತ್ತಿತ್ತು.

ವೈನಿ ಬರಿಗಾಲಲ್ಲಿ ರಸ್ತೆ ದಾಟಿ ಬಂದರು. ಕೈಯಲ್ಲಿ ಆರತಿ ತಟ್ಟೆ ಹಾಗೇ ಇತ್ತು. "ಸಾಹೇಬ್ರ, ತಪ್ಪಾತು. ಮೈದುನಾರು ಅಣ್ಣ ಕಟ್ಟಿಸಿದ ಮನ್ಯಾಗ ಒಮ್ಮೆರೆ ಬರಲಿ ಅಂತ ಮಾಡಿದ್ವಿ. ಇದಕ್ಕ ನನ್ನ ಮಕ್ಕಳ ಅನ್ನ ಕಸ್ಕೋಬ್ಯಾಡ್ರಿ."

ಸಾಹೇಬರು ಒಳಗೆ ನೋಡಿದರು. ಮಾಲಕರು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. ಲಕೋಟೆ ಜೇಬಿನ ಬಾಯಲ್ಲಿ ನಿಂತಿತು. ಸಾಹೇಬರು ಆರತಿಗೆ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಂಡರು.

"ನಾ ಇನ್ನೂ ಬಂದಿಲ್ಲ. ಟಿಕೋಟಾಕ್ಕ ಹೊಂಟೀನಿ. ಚಹಾ ಕುಡದು ಬರ್ತೀನಿ. ಬರೂದ್ರಾಗ ಈ ಗಿಡದ ಕೆಳಗ ಬರೇ ನೆರಳಿರಬೇಕು."

ಜೀಪು ತಿರುವಿನಲ್ಲಿ ಮರೆಯಾಗುವುದಕ್ಕೂ ಮೊದಲೇ ನಾವು ಡಬ್ಬಿಗೆ ಕೈ ಹಾಕಿದೆವು. ಅಯ್ಯನವರನ್ನು ಬಿಟ್ಟು ಉಳಿದವರೆಲ್ಲ ಕೈ ಜೋಡಿಸಿದರು. ಟಿಕೋಟಾದ ಹೆಣ್ಣುಮಕ್ಕಳು ಗಂಡಂದಿರಿಗೆ ಬೈಯುತ್ತಲೇ ಒಂದೊಂದು ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ರಸ್ತೆ ದಾಟಿದರು. ಎಲ್ಲರಿಗಿಂತ ಮುಂದೆ ರೈತ. ಅವನು ಬಾಗಿಲಿಗೆ ಬಂದು ಒಂದು ಕಾಲು ಒಳಗಿಟ್ಟ, ಅಷ್ಟರಲ್ಲಿ ಒಳಗಿನಿಂದ ಒಂದು ಆರ್ತನಾದ:

"ತಡೀರೋ! ನಾ ಒಳಗ ಅದೀನಿ!"

ಎಲ್ಲರೂ ಮಾಲಕರನ್ನು ಮರೆತೇಬಿಟ್ಟಿದ್ದೆವು. ಮುಂದಿನ ಬಾಗಿಲಲ್ಲಿ ಡಬ್ಬಿ ಹೊತ್ತ ರೈತ, ಅವನ ಹಿಂದೆ ಡಬ್ಬಿ ಹೊತ್ತ ಹೆಣ್ಣುಮಕ್ಕಳ ಸಾಲು, ಸಾಲಿನ ಬಾಲ ರಸ್ತೆಯ ನಡುವೆ, ಅಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತಿದೆ. ಹಿಂದೆ ಸರಿಯಲು ಜಾಗವಿಲ್ಲ. ಹಿಂದಿನ ಬಾಗಿಲಿಗೆ ನಾನೇ ಮೊಳೆ ಹೊಡೆದಿದ್ದೆ, ಅದೂ ಮೇಡಮ್ಮರ ಅಂಜಿಕೆಗೆ ಚಂದವಾಗಿ ಹೊಡೆದಿದ್ದೆ.

"ಅಡಗಿಮನಿ ಕಿಟಕಿ!" ಅಂದ ಅಡುಗೆಯವ.

ಮಾಲಕರು ಧೋತರ ಎತ್ತಿ ಕಟ್ಟಿದರು. ಅಡುಗೆಯವ ಒಲೆಯ ಕಟ್ಟೆಯ ಮೇಲೆ ಹತ್ತಿಸಿದ, ನಾನು ಕೆಳಗಿನಿಂದ ನೂಕಿದೆ. ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ನಿಂತಿತು. ಅತ್ತ ರೈತ, "ಕೈ ಬಿದ್ದು ಹೊಂಟಾವ್ರೋ, ನಾ ಬಂದೆ!" ಅಂತ ಕೂಗುತ್ತಿದ್ದಾನೆ. ಇತ್ತ ಮಾಲಕರು, "ಅಂವನ್ನ ಹಿಡೀರಿ, ನನ್ನ ಅರ್ಧಾ ಇನ್ನೂ ಒಳಗೈತಿ!" ಅಂತ ಕೂಗುತ್ತಿದ್ದಾರೆ. ನಾನೂ ಅಡುಗೆಯವನೂ ಸೇರಿ ಒಮ್ಮೆ ಜೋರಾಗಿ ನೂಕಿದೆವು. ಧೋತರದ ಒಂದು ಚುಂಗು ಕಿಟಕಿಯ ಕೊಂಡಿಗೆ ಉಳಿಯಿತು, ಮಾಲಕರು ಆಚೆ ಬಿದ್ದರು.

ಆಚೆ ನೀರಿನ ಟಾಕಿಯ ಹತ್ತಿರ ಬೇರೊಬ್ಬ ಮುದುಕಿಯೂ ಅವಳ ಸೊಸೆಯೂ ಪೂಜೆಯ ಪಾತ್ರೆ ತಿಕ್ಕುತ್ತಿದ್ದರು. ರಸ್ತೆಯ ಗದ್ದಲ ಅವರಿಗೆ ಗೊತ್ತೇ ಇರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಇಷ್ಟೇ: ಬಾರಿನ ಕಿಟಕಿಯಿಂದ ಮಾಲಕರು ತಲೆ ಕೆಳಗಾಗಿ ಬಿದ್ದರು, ವಿಭೂತಿಯ ಮೇಲೆ ಮಸಿ, ಅರ್ಧ ಧೋತರ ಇಲ್ಲ, ಎದ್ದು ನಿಂತು ಎರಡೂ ಕೈ ಆಕಾಶಕ್ಕೆ ಎತ್ತಿ, "ಗೆದ್ದೆ!" ಅಂದರು.

ಮುದುಕಿ ಬೂದಿ ಕೈಯಿಂದಲೇ ಸೊಸೆಯ ಕಣ್ಣು ಮುಚ್ಚಿದಳು.

"ನೋಡಬ್ಯಾಡಬೇ, ನೋಡಬ್ಯಾಡ! ಜಲ್ಮದಾಗ ಕುಡೀಲಾರದಾಂವ ಒಮ್ಮೆ ಒಳಗ ಹೋದ್ರ ಹಿಂಗಽ. ಬಾಗಲಾ ಸೈತ ಕಾಣವಲ್ದು ಅಂವಗ!"

ಸಾಹೇಬರು ಚಹಾ ಕುಡಿದು ಬಂದಾಗ ಗಿಡದ ಕೆಳಗೆ ನೆರಳೂ, ಟವೆಲ್ ಸುತ್ತಿಕೊಂಡು ಕೂತ ಮಾಲಕರೂ ಇದ್ದರು. ಲಕೋಟೆ ವೈನಿಯ ಕೈಗೆ ಬಂತು. ಅವರು ಅದನ್ನು ಎದೆಗೆ ಒತ್ತಿಕೊಂಡು ಗಲ್ಲೆಯ ಹಿಂದೆ ಕೂತರು. ಆ ಸಂಜೆ ಮುಂದಿನ ಬಾಗಿಲಿನಿಂದ ಬಂದ ಮೊದಲ ಗಿರಾಕಿ ಕುರ್ಚಿಯಲ್ಲಿ ಕೂತು, ವೈನಿಯನ್ನು ಕಂಡು, ಸಾಲಿಯಲ್ಲಿ ಟೀಚರ್ ಬಾಯಿ ಬಂದಾಗ ನಿಲ್ಲುವ ಹಾಗೆ ಎದ್ದು ನಿಂತ. "ಕುಂಡ್ರಪಾ. ಮೊದಲ ರೊಟ್ಟಿ ತಿನ್ನು, ಆಮ್ಯಾಲೆ ಉಳಿದದ್ದು" ಅಂದರು ವೈನಿ. ಅವನು ಸುಮ್ಮನೆ ರೊಟ್ಟಿ ತಿಂದ. ಇನ್ನು ಈ ಬಾರಿನ ಆಡಳಿತದ ಮೇಲೆ ಯಾರೂ ತಕರಾರು ಬರೆಯುವುದಿಲ್ಲ ಅಂತ ನನಗೆ ಆ ಗಳಿಗೆಯಲ್ಲೇ ಖಾತ್ರಿಯಾಯಿತು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಗಿ ಪೂರ್ತಿ ಹೊರಗೆ ಬಂತು.

ಇವತ್ತು ಬೆಳಿಗ್ಗೆ ವೈನಿ ಕರೆದು, "ಮ್ಯಾನೇಜರ್ ಅಂತ ನಿನ್ನ ಹೆಸರು ಕಾಯಂ ಮಾಡಸ್ತೀನಿ. ಏನಂತಿ?" ಅಂದರು.

"ಅಕ್ಕಾರ, ಮ್ಯಾನೇಜರ್ ಜಾಗಾ ಬಿಟ್ಟು ಅಲ್ಲಾಡಬಾರದು ಅಂತ ಮೇಡಮ್ಮರು ಹೇಳ್ಯಾರ. ನನ್ನ ಹೆಸರು ಬರಸಿದ್ರ ಎಂಟ ದಿನದಾಗ ಮತ್ತ ನೋಟಿಸ್ ಬರ್ತೈತ್ರಿ. ನಿಮ್ಮ ಲೈಸನ್ಸ್ ಉಳೀಬೇಕು ಅಂದ್ರ ನಾ ಹೋಗೂದಽ ಛಲೋ."

ಅವರು ನಕ್ಕರು. ನಗುತ್ತಲೇ ಅಡುಗೆಯವನಿಗೆ ಬುತ್ತಿ ಕಟ್ಟಲು ಹೇಳಿದರು. ಈಗ ಬುತ್ತಿಗೆ ಕುಟ್ಟುವ ಶೇಂಗಾ ಹಿಂಡಿಯ ವಾಸನೆ ಬರುತ್ತಿದೆ. ನಾನು ಅಂಗಿ ಮಡಚಿ, ಕೌದಿ ಸುತ್ತಿ, ಚೀಲಕ್ಕೆ ತುರುಕುತ್ತಿದ್ದೇನೆ. ಆಚೆ ಬೇವಿನ ಗಿಡದ ಕೆಳಗಿನಿಂದ ಮಾಲಕರು ಕೂಗಿ ಕೇಳುತ್ತಿದ್ದಾರೆ, ಎಲ್ಲಿಗೆ ಹೊಂಟಿ ಅಂತ. ಬಸ್ಸು ಯಾವ ಕಡೆಯಿಂದ ಮೊದಲು ಬರುತ್ತದೋ ನೋಡಿ ಹೇಳುತ್ತೇನೆ ಅಂದಿದ್ದೇನೆ.